ಕೈಯಿಲ್ಲದ ಬೆಂಚು

ನಾಲ್ಕು ಕೈಯ ಯಂತ್ರ ಆಸ್ಪತ್ರೆಗೆ ಬಂದ ವಾರವೇ ಕಾಯುವ ಕೋಣೆಗೂ ಕೈಯಿರುವ ಕುರ್ಚಿಗಳು ಬಂದವು.

ಯಂತ್ರ ಬೇಕೆಂದು ಹಟ ಹಿಡಿದವಳು ಡಾಕ್ಟರಮ್ಮನೇ. ಹೊಟ್ಟೆಯ ಮೇಲೆ ಗೇಣುದ್ದ ಕೊಬ್ಬು ಇರುವವರಿಗೆ ತೂಕ ಇಳಿಸುವ ಆಪರೇಷನ್ ಮಾಡುವಾಗ, ಉದ್ದನೆಯ ಸಲಾಕೆಗಳನ್ನು ಆ ಕೊಬ್ಬಿನ ಗೋಡೆಗೆ ಒತ್ತಿ ಹಿಡಿದೂ ಹಿಡಿದೂ ಅವಳ ಬಲಭುಜ ಸೋತುಹೋಗಿತ್ತು. ರೋಬೋಟ್ ಬಂದರೆ ಆ ಭಾರವನ್ನು ಅದು ಹೊರುತ್ತದೆ, ತಾನು ಪಕ್ಕದಲ್ಲಿ ಕೂತು ಕಣ್ಣು, ಬೆರಳು, ಪಾದ ಆಡಿಸಿದರೆ ಆಯಿತು. ಕುರ್ಚಿಗಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅವು ಅಳಿಯಂದಿರ ತಲೆಯಿಂದ ಬಂದವು.

ಅಳಿಯಂದಿರು ಎಂದರೆ ಆಸ್ಪತ್ರೆಯ ಯಜಮಾನರ ಮಗಳ ಗಂಡ, ಮ್ಯಾನೇಜರು. ಬಾಗಿಲು ಕಾಯುವವನಿಂದ ಹಿಡಿದು ಅರಿವಳಿಕೆ ಕೊಡುವ ಡಾಕ್ಟರರವರೆಗೆ ಬೆನ್ನ ಹಿಂದೆ ಎಲ್ಲರಿಗೂ ಅವರು ಅಳಿಯಂದಿರೇ. ಯಂತ್ರ ಕೆಲಸ ಶುರು ಮಾಡುವ ದಿನ ದೊಡ್ಡವರು ಬರುತ್ತಾರೆಂದು ಅವರು ಹಳೇ ಮರದ ಬೆಂಚನ್ನು ಜನರೇಟರ್ ಶೆಡ್ಡಿನ ಹಿಂದಕ್ಕೆ ಎಸೆಸಿ, ಅದರ ಜಾಗದಲ್ಲಿ ಸಾಲಾಗಿ ನಾಜೂಕಿನ ಕುರ್ಚಿಗಳನ್ನು ಇಡಿಸಿದ್ದರು. ಸಣ್ಣ ಸೊಂಟ, ಬಾಗಿದ ಸ್ಟೀಲಿನ ಕೈ.

ಆ ಬೆಂಚು ಡಾಕ್ಟರಮ್ಮ ಈ ವಿಭಾಗ ತೆರೆದಾಗ ಎದುರಿಗೆ ನಿಂತು ಮಾಡಿಸಿದ್ದು. ಅಗಲವಾಗಿರಬೇಕು, ಕೈ ಇರಬಾರದು, ಆನೆ ಕೂತರೂ ಕಿರ್ ಅನ್ನಬಾರದು ಎಂದಿದ್ದಳು. ಬಡಗಿ ಮರ ಹೆರೆಯುತ್ತಿದ್ದ ರಂದ ನಿಲ್ಲಿಸಿ, "ಆನೆಗೇನು ಕಾಯಿಲೆ ಮೇಡಂ?" ಎಂದು ಕೇಳಿದ್ದ. ಅವಳು ನಕ್ಕಿದ್ದಳು. ಅವಳೇನು ಕಡ್ಡಿಯಲ್ಲ. ಇಷ್ಟು ಜನರ ತೂಕ ಇಳಿಸುತ್ತೀರಿ, ನೀವ್ಯಾಕೆ ಹೀಗೆ ಎಂದು ಕೇಳುವವರಿಗೆ ಅವಳಲ್ಲಿ ಒಂದೇ ಉತ್ತರವಿತ್ತು: "ಕಣ್ಣಿನ ಡಾಕ್ಟ್ರು ಕನ್ನಡಕ ಹಾಕಲ್ವಾ?"

ಬೆಂಚು ಹೋದದ್ದು ಅವಳ ಕಣ್ಣಿಗೆ ಬೀಳಲೇ ಇಲ್ಲ. ಬೆಳಗಾದರೆ ಸಿಬ್ಬಂದಿಯ ಬಾಗಿಲಿಂದ ಒಳಗೆ ಬಂದು, ಯಂತ್ರದ ಮುಂದೆ ಕೂತು ರಬ್ಬರಿನ ತುಂಡಿಗೆ ಹೊಲಿಗೆ ಹಾಕಿ ಹಾಕಿ ಕೈ ಪಳಗಿಸಿಕೊಳ್ಳುತ್ತಿದ್ದಳು. ಯಂತ್ರದ ಮೊದಲ ರೋಗಿ ಒಬ್ಬ ಬಸ್ ಕಂಡಕ್ಟರಮ್ಮ. ಸೀಟುಗಳ ನಡುವಿನ ದಾರಿಯಲ್ಲಿ ಆಕೆಯ ಮೈ ಹಿಡಿಸದೆ ಹೋದಾಗ ಮೇಲಿನವರು ಅವಳನ್ನು ಬಸ್ಸಿನಿಂದ ಇಳಿಸಿ, ಡಿಪೋದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನು ಕಾಯಲು ಕೂರಿಸಿದ್ದರು. ನಿದ್ದೆಯಲ್ಲಿ ಆಗಾಗ ಉಸಿರು ನಿಂತುಬಿಡುತ್ತಿತ್ತು. "ನಮ್ಮನೆಯವ್ರು ನೆಟ್ಟಗೆ ನಿದ್ದೆ ಮಾಡಿ ಎಷ್ಟು ಕಾಲ ಆಯ್ತೋ ಡಾಕ್ಟ್ರಮ್ಮ, ನನ್ನ ಉಸಿರು ಕಾಯ್ತಾ ಕೂತಿರ್ತಾರೆ" ಎಂದು ಮೊದಲ ದಿನವೇ ಹೇಳಿದ್ದಳು. "ಉಸಿರು ಕೊಡಿ, ನನ್ನ ಬಸ್ಸು ನಾನು ತಗೋತೀನಿ."

ಆಪರೇಷನ್ನಿಗೆ ಮೊದಲು ಎರಡು ವಾರ ಬರೀ ನೀರುನೀರಾದ ಸೂಪು, ಹಾಲು. ಲಿವರು ಜಠರದ ಮೇಲೆ ಚಾವಣಿಯ ಹಾಗೆ ಕವಿದಿರುತ್ತದೆ. ಕೊಬ್ಬು ತುಂಬಿ ಊದಿದ್ದರೆ ಅದನ್ನು ಎತ್ತಿ ಹಿಡಿದು ಕೆಲಸ ಮಾಡುವುದು ಅಪಾಯ. ಹಸಿದರೆ ಅದು ಬಡಕಲಾಗುತ್ತದೆ. ಕಂಡಕ್ಟರಮ್ಮ ಗೊಣಗಿಕೊಂಡೇ ಒಪ್ಪಿದ್ದಳು. ಆದರೆ ಆಪರೇಷನ್ನಿಗೆ ಎರಡೇ ದಿನ ಇರುವಾಗ, ಕೊನೆಯ ತಪಾಸಣೆಗೆ ಬಂದವಳು ಕೂಗಿದರೂ ಒಳಗೆ ಬರಲಿಲ್ಲ. ಕರೆತರಲು ಹೋದ ಸಿಸ್ಟರು ಒಬ್ಬಳೇ ಬಂದಳು, ಫೋನ್ ಮಾಡಿದರೆ ಎತ್ತುವವರಿಲ್ಲ. ಏನಾಯಿತೆಂದು ಕೇಳಿದರೆ ಸಿಸ್ಟರು ಫೈಲು ಜೋಡಿಸತೊಡಗಿದಳು.

ಮರುದಿನ ಬೆಳಿಗ್ಗೆ, ಶಾಲೆಯ ಚೀಲ ಹೆಗಲಿಗೇರಿಸಿದ್ದ ಡಾಕ್ಟರಮ್ಮನ ಮಗಳು ಫೋನನ್ನು ತಾಯಿಯ ತಟ್ಟೆಯ ಪಕ್ಕ ಇಟ್ಟಳು.

"ಅಮ್ಮಾ, ಇದು ನಿನ್ನ ಆಸ್ಪತ್ರೆ ಅಲ್ವಾ?"

ಪರದೆಯ ಮೇಲೆ ಕಂಡಕ್ಟರಮ್ಮನ ಅಗಲವಾದ ಬೆನ್ನು. ಹೆಸರು ಕೂಗಿದ್ದು ಕೇಳಿ ಅವಳು ಎದ್ದಳು. ಅವಳ ಜೊತೆ ಕುರ್ಚಿಯೂ ಎದ್ದಿತು. ಇಬ್ಬರು ಹಿಂದಿನಿಂದ ಹಿಡಿದೆಳೆದರು. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಕೋಣೆಯೆಲ್ಲ ನಕ್ಕಿತು. ಕುರ್ಚಿ ಕಳಚಿ ಬಿದ್ದದ್ದೇ ಅವಳು ತಿರುಗಿ ನೋಡದೆ ಬಾಗಿಲು ದಾಟಿದ್ದಳು.

"ಕ್ಲಾಸಲ್ಲಿ ಎಲ್ರಿಗೂ ಬಂದಿದೆ," ಎಂದಳು ಮಗಳು.

"ನೀನು ನಕ್ಕೆಯಾ?"

"ಮೊದ್ಲು ನಕ್ಕೆ." ಹುಡುಗಿ ಚೀಲದ ಪಟ್ಟಿ ಎಳೆದುಕೊಂಡಳು. "ಆಮೇಲೆ ಗೋಡೆ ಮೇಲೆ ನಿನ್ನ ಹೆಸರು ಕಾಣಿಸ್ತು."

ಡಾಕ್ಟರಮ್ಮ ತಟ್ಟೆ ಸರಿಸಿ ಎದ್ದಳು. ಕೈ ತೊಳೆದು ನೆಟ್ಟಗೆ ಡಿಪೋಗೆ ಹೋದಳು.

ಮರೆತ ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಕಂಡಕ್ಟರಮ್ಮ ಒಂದು ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತಿದ್ದಳು. ಹೊರಗೆ ಬಸ್ಸುಗಳಿಗೆ ನೀರು ಹೊಡೆಯುತ್ತಿದ್ದರು.

"ಏನ್ ಕಳ್ಕೊಂಡ್ರಿ ಡಾಕ್ಟ್ರಮ್ಮ, ಹುಡುಕ್ಕೊಂಡು ಬಂದಿದ್ದೀರಿ?"

"ನಿಮ್ಮನ್ನೇ. ನಾಳೆ ಆಪರೇಷನ್."

"ಅದು ಮುಗೀತು. ನಿನ್ನೆ ಇಲ್ಲಿನ ಕ್ಯಾಂಟೀನ್ ಪೂರ್ತಿ ಖಾಲಿ ಮಾಡ್ದೆ. ನಿಮ್ಮ ಲಿವರು ಗಿವರು ಎಲ್ಲಾ ಊದ್ಕೊಂಡಿರುತ್ತೆ."

"ನಿಜವಾಗ್ಲೂ ತಿಂದ್ರಾ?"

"ಇಷ್ಟು ದಪ್ಪ ಹೆಂಗಸು ತಿಂದೆ ಅಂದ್ರೆ ನಂಬೋಕೇನು ಕಷ್ಟ?"

ಡಾಕ್ಟರಮ್ಮ ಅಲ್ಲಿಂದಲೇ ಅಳಿಯಂದಿರಿಗೆ ಫೋನ್ ಮಾಡಿ ಕುರ್ಚಿಯ ಕಥೆ ಹೇಳಿದಳು. ಅವರ ದನಿ ಜೋರು, ಕೋಣೆಗೆಲ್ಲ ಕೇಳಿಸಿತು. "ಅಷ್ಟೇ ತಾನೇ ಮೇಡಂ? ಅವರನ್ನ ಹಿಂದ್ಗಡೆಯಿಂದ ಕರ್ಕೊಂಡು ಬನ್ನಿ, ಯಾರೂ ನೋಡಲ್ಲ. ಬೇರೆ ರೂಮಲ್ಲಿ ಕೂರಿಸೋಣ. ಹಿಂಬಾಗಿಲು ಅಂದ್ಕೋಬೇಡಿ, ವಿಶೇಷ ಪ್ರವೇಶ ಅಂತ ಬೋರ್ಡೇ ಹಾಕಿಸ್ತೀನಿ."

"ಅಳಿಯ ಅಲ್ಲ, ಮಗಳ ಗಂಡ!" ಎಂದಳು ಕಂಡಕ್ಟರಮ್ಮ.

ಅವರಿಗೆ ಆ ಹೆಸರಿರುವುದು ಆಕೆಗೆ ಗೊತ್ತಿರಲಿಲ್ಲ, ಆಡಿದ್ದು ಗಾದೆ ಮಾತಷ್ಟೇ. ಡಾಕ್ಟರಮ್ಮ ಫೋನಿನ ಬಾಯಿಯ ಮೇಲೆ ಕೈ ಇಟ್ಟು ನಗು ನುಂಗಿದಳು. ಕಂಡಕ್ಟರಮ್ಮ ನಗಲಿಲ್ಲ.

"ನನ್ನ ಬಸ್ಸಿಗೆ ಕುಂಟರು ಹತ್ತಿದ್ದಾರೆ, ಮೂಟೆ ಹೊತ್ತೋರು ಹತ್ತಿದ್ದಾರೆ, ತುಂಬಿದ ಬಸುರಿಯರು ಹತ್ತಿದ್ದಾರೆ. ಹಿಂದಿನ ಕಿಟಕಿಯಿಂದ ತೂರ್ಕೊಂಡು ಬನ್ನಿ ಅಂತ ಒಬ್ರಿಗೂ ಹೇಳಿಲ್ಲ ನಾನು. ಬಂದ್ರೆ ಮುಂದಿನ ಬಾಗಿಲಿಂದ ಬರ್ತೀನಿ, ಎಲ್ರ ಜೊತೆ ಕೂರ್ತೀನಿ. ಇಲ್ದಿದ್ರೆ ಉಸಿರು ನಿಂತ್ರೆ ನಿಲ್ಲಲಿ."

ಡಾಕ್ಟರಮ್ಮ ಫೋನ್ ಇಟ್ಟು ಹೊರಟಳು. ಆಸ್ಪತ್ರೆಗೆ ಮರಳಿದವಳು ಅಂದು ಮುಂಬಾಗಿಲಿಂದಲೇ ಒಳಗೆ ಬಂದಳು. ಕಾಯುವ ಕೋಣೆ ತುಂಬಿತ್ತು. ಬಂದವರಲ್ಲಿ ಅರ್ಧ ಜನ, ದಪ್ಪಗಿದ್ದವರೆಲ್ಲ, ಗೋಡೆಗೆ ಒರಗಿ ನಿಂತಿದ್ದರು. ಕುರ್ಚಿಗಳು ಖಾಲಿ ಇದ್ದವು. ಅದನ್ನು ನೋಡಿದ್ದೇ ಅವಳ ಪಿತ್ತ ನೆತ್ತಿಗೇರಿತು.

ನಡುವಿನ ಕುರ್ಚಿಯಲ್ಲಿ, ಬೇಕೆಂದೇ, ದೊಪ್ಪನೆ ಕೂತಳು. ಸ್ಟೀಲಿನ ಕೈಗಳು ಸೊಂಟವನ್ನು ಇಕ್ಕಳದಂತೆ ಹಿಡಿದವು. ಎದ್ದಳು. ಕುರ್ಚಿಯೂ ಎದ್ದಿತು.

ಯಾರಿಗೂ ನಗುವ ಧೈರ್ಯವಾಗಲಿಲ್ಲ. ಮೂಲೆಯಲ್ಲಿ ಒಬ್ಬ ಮೆಲ್ಲನೆ ಫೋನ್ ಎತ್ತಿದ, ಅವಳ ಕಣ್ಣಿಗೆ ಬಿದ್ದು ಸರಕ್ಕನೆ ಇಳಿಸಿದ.

"ತೆಗೀರಿ, ತೆಗೀರಿ!" ಎಂದಳು. "ಬೆನ್ನು ಮಾತ್ರ ಅಲ್ಲ, ಮುಖಾನೂ ಬರ್ಲಿ. ಗೋಡೆ ಮೇಲೆ ಹೆಸರಿದೆ, ಅದೂ ಬರ್ಲಿ."

ಸಿಸ್ಟರು ಸ್ಕ್ಯಾನಿಂಗಿಗೆ ಬಳಿಯುವ ಜೆಲ್ಲಿನ ಬಾಟಲಿ ಹಿಡಿದು ಓಡಿ ಬಂದಳು. "ಮೇಡಂ, ಪಕ್ಕಕ್ಕೆ ಸ್ವಲ್ಪ ಹಚ್ಚಿದ್ರೆ ಜಾರಿ ಬರುತ್ತೆ..."

"ಬರೋದು ಬೇಡ. ಇರ್ಲಿ."

ಕುರ್ಚಿಯನ್ನು ಬೆನ್ನ ಹಿಂದೆ ಹೊತ್ತುಕೊಂಡೇ ಕಾರಿಡಾರು ದಾಟಿದಳು. ಅಳಿಯಂದಿರ ಕೋಣೆಯ ಬಾಗಿಲಿಗೆ ಕುರ್ಚಿಯ ಕಾಲು ಬಡಿಯಿತು. ಅಡ್ಡ ತಿರುಗಿ, ಏಡಿಯ ಹಾಗೆ ಒಳಗೆ ಬಂದಳು. ತಲೆ ತಗ್ಗಿಸಿ ಏನೋ ಬರೆಯುತ್ತಿದ್ದ ಅಳಿಯಂದಿರು ಅಭ್ಯಾಸಬಲದಿಂದ, "ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದರು.

"ಕೂತೇ ಇದ್ದೀನಲ್ಲ."

ತಲೆ ಎತ್ತಿದವರು ತೆರೆದ ಬಾಯಿ ಮುಚ್ಚಲಿಲ್ಲ. ಸಾವರಿಸಿಕೊಂಡು ನಗಲು ನೋಡಿದರು. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ. ಹಾಗಾಯ್ತಲ್ಲ ಮೇಡಂ, ಕುರ್ಚಿದೇನು ತಪ್ಪು?"

"ನೆಲ ಡೊಂಕೇ ಇದ್ರೆ ಒಬ್ಬಳಾದ್ರೂ ಹೇಳ್ಬೇಕಲ್ಲ ಸಾರ್. ಇದು ತೂಕ ಇಳಿಸೋ ವಿಭಾಗ. ಬರೋರು ಇಳಿಸ್ಕೊಳ್ಳೋಕೆ ಬರ್ತಾರೆ, ಇಳಿಸ್ಕೊಂಡು ಬರಲ್ಲ. ನನ್ನ ಬೆಂಚು ಎಲ್ಲಿದೆಯೋ ಅಲ್ಲಿಂದ ಬರ್ಬೇಕು, ಎಲ್ಲಿತ್ತೋ ಅಲ್ಲೇ ಕೂರ್ಬೇಕು."

"ನಾಳೆ ಅಷ್ಟು ಜನ ದೊಡ್ಡವರು ಬರೋವಾಗ ಆ ಹಳೇ ಮರ..."

"ಅವರು ನೋಡೋಕೆ ಬರೋದು ಯಂತ್ರಾನ. ಅದರ ಮುಂದೆ ಕೂರೋಕೆ ಒಬ್ರು ಬೇಕು. ಬೆಂಚು ಒಳಗೆ ಬರೋ ತನಕ ನಾನು ಈ ಕುರ್ಚಿ ಬಿಟ್ಟು ಆ ಕುರ್ಚೀಲಿ ಕೂರಲ್ಲ."

"ಬೇರೆ ಸರ್ಜನ್ನನ್ನ ಕರೆಸ್ಬೇಕಾಗುತ್ತೆ."

"ಕರೆಸಿ. ರೋಗೀನ ಎಲ್ಲಿಂದ ಕರೆಸ್ತೀರಿ?"

ಅಳಿಯಂದಿರು ಎದ್ದರು, ಕೂತರು, ಮಾವನವರಿಗೆ ಫೋನ್ ಮಾಡುತ್ತೇನೆಂದರು, ಮಾಡಲಿಲ್ಲ. ಡಾಕ್ಟರಮ್ಮ ಹೊರಗೆ ಹೋಗಿ ಕುರ್ಚಿ ಹೊತ್ತುಕೊಂಡೇ ರೋಗಿಗಳನ್ನು ನೋಡಲು ಶುರು ಮಾಡಿದಳು. ಅವಳ ಮೊದಲ ರೋಗಿ, ಅಷ್ಟು ಹೊತ್ತು ಗೋಡೆಗೆ ಒರಗಿದ್ದ ಅಂಗಡಿಯಾತ, ತನ್ನ ನೋವು ಹೇಳುವುದನ್ನೇ ಮರೆತು ನಕ್ಕ. ಅವಳೂ ನಕ್ಕಳು. ಮಧ್ಯಾಹ್ನದೊಳಗೆ ಅವಳು ಕುರ್ಚಿ ಹೊತ್ತ ವಿಡಿಯೋ ಊರೆಲ್ಲ ಸುತ್ತಿತು. ಮಾವನವರೇ ಅಳಿಯನಿಗೆ ಫೋನ್ ಮಾಡಿದರು. ಏನಂದರೋ ತಿಳಿಯದು. ಶೆಡ್ಡಿನ ಹಿಂದಿನಿಂದ ಬೆಂಚು ಬಂತು. ಅದರ ಮೇಲೆ ಬೆಕ್ಕು ಮಲಗಿದ್ದ ಗುರುತಿತ್ತು, ಒಂದು ಕಾಲು ತೇವಕ್ಕೆ ಉಬ್ಬಿತ್ತು. ಕಿರ್ ಮಾತ್ರ ಅನ್ನಲಿಲ್ಲ. ಆಗ ಸಿಸ್ಟರು ಜೆಲ್ ಹಚ್ಚಿ ಕುರ್ಚಿ ಬಿಡಿಸಿದಳು.

ಸಂಜೆ ಮುಂಬಾಗಿಲು ತಳ್ಳಿಕೊಂಡು ಕಂಡಕ್ಟರಮ್ಮ ಬಂದಳು, ಹಿಂದೆ ಬಟ್ಟೆಯ ಗಂಟು ಹಿಡಿದ ಗಂಡ. ಬೆಂಚಿನ ನಡುವೆ ಕೂತು, ಎರಡೂ ಕಡೆ ಕೈಯಾಡಿಸಿದಳು.

"ನಿಮ್ಮ ವಿಡಿಯೋ ನನ್ನದಕ್ಕಿಂತ ಚೆನ್ನಾಗಿ ಬಂದಿದೆ ಡಾಕ್ಟ್ರಮ್ಮ. ನನ್ನದ್ರಲ್ಲಿ ಬೆನ್ನೊಂದೇ."

"ಈಗಲಾದ್ರೂ ನಿಜ ಹೇಳಿ. ನಿನ್ನೆ ತಿಂದ್ರಾ?"

"ಒಳಗೆ ಹೋಗ್ತೀರಲ್ಲ, ನೀವೇ ನೋಡ್ಕೊಳ್ಳಿ."

ಡಾಕ್ಟರಮ್ಮ ಸುಳ್ಳು ಧೈರ್ಯ ಹೇಳಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಕೇಳುವಂತೆ, ಮೊದಲು ಕ್ಯಾಮೆರಾ ಇಳಿಸಿ ನೋಡುತ್ತೇನೆ, ಲಿವರು ಊದಿದ್ದರೆ ಮುಂದೆ ಕೈ ಹಾಕುವುದಿಲ್ಲ, ಮುಚ್ಚಿ ಕಳಿಸುತ್ತೇನೆ ಎಂದಳು. ಕಂಡಕ್ಟರಮ್ಮ ತಲೆಯಾಡಿಸಿದಳು. ಮರುದಿನ ಥಿಯೇಟರಿನ ಅಗಲದ ಮೇಜಿನ ಮೇಲೆ ಕಾಲು, ತೋಳು ಪಟ್ಟಿಯಿಂದ ಬಿಗಿಸಿಕೊಂಡು ಮಲಗಿ, ಮುಖಕ್ಕೆ ಮಾಸ್ಕ್ ಬರುವ ಮುಂಚೆ ಅವಳು ಆಡಿದ ಮಾತು ಒಂದೇ: "ರೈಟ್, ಹೋಗೋಣ."

ಪ್ಲಾಸ್ಟಿಕ್ ಹೊದ್ದ ನಾಲ್ಕು ಕೈಗಳು ಅವಳ ಮೇಲೆ ಬಾಗಿ ನಿಂತಿದ್ದವು. ಗಾಜಿನಾಚೆ ಗಣ್ಯರು, ಅವರ ನಡುವೆ ಟೈ ಕಟ್ಟಿದ ಅಳಿಯಂದಿರು. ಡಾಕ್ಟರಮ್ಮ ಕ್ಯಾಮೆರಾ ಇಳಿಸಿದಳು. ಊದಿದ ಅಂಚು ಕಾಣುತ್ತದೆಂದು ಕಾದಿದ್ದವಳ ಮುಂದೆ ಲಿವರು ತೆಳ್ಳಗೆ, ಮೆತ್ತಗೆ, ಹಿಂಡಿದ ಬಟ್ಟೆಯಂತೆ ಮಲಗಿತ್ತು. ಎತ್ತಿದರೆ ಎತ್ತಿದ ಕಡೆ ಬಂತು.

ಒಂದು ತುತ್ತೂ ತಿಂದಿರಲಿಲ್ಲ ಪುಣ್ಯಾತ್ಗಿತ್ತಿ. ಊರೆಲ್ಲ ನಕ್ಕ ದಿನವೂ, ಇನ್ನು ಬರುವುದೇ ಇಲ್ಲವೆಂದ ದಿನವೂ, ಕ್ಯಾಂಟೀನಿನ ವಾಸನೆಯಲ್ಲಿ ಕೂತು ನೀರು ಸೂಪು ಕುಡಿದಿದ್ದಳು.

"ಮೇಡಂ?" ಎಂದಳು ಸಿಸ್ಟರು.

"ಏನಿಲ್ಲ. ಶುರು ಮಾಡೋಣ." ಡಾಕ್ಟರಮ್ಮ ಕಣ್ಣು ಮಿಟುಕಿಸಿ ಪರದೆ ಸ್ಪಷ್ಟ ಮಾಡಿಕೊಂಡಳು. ಮಬ್ಬಾಗಿದ್ದದ್ದು ಪರದೆಯಲ್ಲ.

ಆ ಸಂಜೆಯೇ ಕಂಡಕ್ಟರಮ್ಮನನ್ನು ನಡೆಸಬೇಕಿತ್ತು. ರಕ್ತ ಹೆಪ್ಪುಗಟ್ಟದಿರಲು ಎಲ್ಲರನ್ನೂ ನಡೆಸುತ್ತಾರೆ. ಡ್ರಿಪ್ಪಿನ ಕಂಬ ಹಿಡಿದ ಗಂಡ ಒಂದು ಕಡೆ, ಡಾಕ್ಟರಮ್ಮ ಇನ್ನೊಂದು ಕಡೆ. ವಾರ್ಡಿನ ಬಾಗಿಲಿಗೆ ಸಾಕು ಎಂದರೆ ಕೇಳದೆ ಕಂಡಕ್ಟರಮ್ಮ ಕಾಲೆಳೆಯುತ್ತ ಕಾಯುವ ಕೋಣೆಯವರೆಗೂ ಬಂದಳು. ಅಳಿಯಂದಿರು ಗಣ್ಯರನ್ನು ಬೀಳ್ಕೊಡುತ್ತಿದ್ದರು.

"ನೋಡಿ, ಇವರೇ ನಮ್ಮ ಯಂತ್ರದ ಮೊದಲ ರೋಗಿ!" ಎಂದು ಮುಂದೆ ಬಂದರು. "ಅಮ್ಮಾ, ಗೋಡೆಯ ಆ ಯಂತ್ರದ ಚಿತ್ರದ ಪಕ್ಕ ನಿಂತ್ರೆ ಒಂದು ಫೋಟೋ..."

"ಬೆಂಚಿನ ಮೇಲೆ ಕೂತ್ರೆ ತೆಗೀರಿ. ಚಿತ್ರದ ಪಕ್ಕ ನಿಲ್ಲಲ್ಲ."

"ಈಗ ತಾನೇ ಆಪರೇಷನ್ ಆಗಿದೆ, ನೀವು ಜಾಸ್ತಿ ಮಾತಾಡ್ಬಾರ್ದು."

"ಹೊಟ್ಟೆ ಕೊಯ್ದಿದ್ದಾರೆ ಸಾರ್, ಬಾಯಿ ಹೊಲಿದಿಲ್ಲ."

ಬೆಂಚಿನ ತುಂಬ ಜನರಿದ್ದರು. ಅವಳನ್ನು ನೋಡಿ ನಡುವೆ ಜಾಗ ಬಿಟ್ಟರು. ಅವಳು ಬೆಂಚಿನ ಅಂಚು ಹಿಡಿದು ಮೆಲ್ಲನೆ ಕೂತಳು, ಉಸಿರು ಬಿಟ್ಟಳು. ನಿಂತೇ ಇದ್ದ ಡಾಕ್ಟರಮ್ಮನ ಕಡೆ ನೋಡಿದಳು. ಆಮೇಲೆ, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗುತ್ತಿದ್ದ ಆ ಹಳೇ ದನಿಯಲ್ಲೇ, ನೋವಿಗೆ ಹೊಟ್ಟೆ ಒತ್ತಿ ಹಿಡಿದುಕೊಂಡು, ಅಂದಳು:

"ಸ್ವಲ್ಪ ಒಳಗೆ ಜರುಗ್ರಪ್ಪಾ, ಇನ್ನೊಬ್ರು ನಿಂತಿದ್ದಾರೆ."

ಎಲ್ಲರೂ ಜರುಗಿದರು.