ಕಿಟಕಿ ಪಕ್ಕದ ಸೀಟು

ನನ್ನ ಗಂಡ ಅಂಬರೀಶ್ ಕಾಲೇಜಿನಲ್ಲಿದ್ದಾಗ ಗಿಟಾರು ಹಿಡಿದು ಒಂದು ಹಾಡು ಕಟ್ಟಿದ್ದರು. ಒಂದೇ ಒಂದು. ಆಮೇಲೆ ಅವರು ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡು ಸೇರಿದರು, ಗಿಟಾರು ಅಟ್ಟ ಸೇರಿತು.

ಅದೇ ಶೆಡ್ಡಿನಲ್ಲಿ ನಾನು ನೂಲು ಸುತ್ತುತ್ತಿದ್ದೆ. ಹನ್ನೆರಡು ಪವರ್‌ಲೂಮಿನ ಸದ್ದಿಗೆ ಅಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ತುಟಿ ನೋಡಿಯೇ ತಿಳಿದುಕೊಳ್ಳಬೇಕು. ಹೊಸಬರಾದ ಇವರಿಗೆ ಅದು ಗೊತ್ತಿರಲಿಲ್ಲ. ಯಾರಿಗೂ ಕೇಳಿಸದು ಎಂಬ ಧೈರ್ಯದಲ್ಲಿ ಮಗ್ಗದ ತಾಳಕ್ಕೆ ದಿನವೂ ಹಾಡುತ್ತಿದ್ದರು. ಹಾಗೆ ಇಡೀ ಶೆಡ್ಡಿಗೇ ಹಾಡು ಬಾಯಿಪಾಠವಾಯಿತು.

'ಕಿಟಕಿ ಪಕ್ಕ ಕೂತೋಳೇ, ಕೊಂಚ ಜರುಗಿ ಕೂತ್ಕೋ, ಹೋಗೋ ದಾರಿ ಒಂದೇ ಅಲ್ವಾ, ಜೊತೆಗೆ ನನ್ನ ಕರ್ಕೋ.'

ಆ ತುಟಿಗೇ ಸೋತು ಇವರನ್ನು ಮದುವೆಯಾದೆ. ಆದರೂ ಕಿಟಕಿ ಪಕ್ಕದವಳು ಯಾರು ಎಂಬ ಹೊಟ್ಟೆಕಿಚ್ಚು ಇಪ್ಪತ್ತೆರಡು ವರ್ಷ ಹೋಗಲಿಲ್ಲ. ಕೇಳಲು ಬಿಗುಮಾನ.

ಹೋದ ತಿಂಗಳು, ಕಾಲೇಜಿನಲ್ಲಿ ಇವರ ಹಾಡಿಗೆ ಡ್ರಮ್ ಬಾರಿಸುತ್ತಿದ್ದ ಬೈರೇಶಣ್ಣ ಹಳೇ ಗೆಳೆಯರನ್ನೆಲ್ಲ ದೊಡ್ಡಬೆಳವಂಗಲದ ತಮ್ಮ ತೋಟಕ್ಕೆ ಊಟಕ್ಕೆ ಕರೆದರು. "ಹಾಡ್ದೆ ಇದ್ರೆ ಊಟ ಇಲ್ಲ ಗುರು" ಎಂದೂ ಹೇಳಿದ್ದರು. ಇವರ ಮುಖ ಸಪ್ಪಗಾಯಿತು.

"ಆಗಲ್ಲ ರೂಪ. ಮಗ್ಗ ನನ್ನ ಕಿವಿ ತಿಂದ್ಹಾಕ್ಬಿಟ್ಟಿದೆ. ಗಿಟಾರ್ ಒಂದ್ ಕಡೆ, ನಾನೊಂದ್ ಕಡೆ ಆಗ್ತೀನಿ. ನಗ್ತಾರೆ."

ಅವರ ಕಣ್ಣು ತುಂಬಿತ್ತು. ನನಗೆ ಸಂಕಟವಾಯಿತು. ಇದ್ದದ್ದೇ ಒಂದು ಹಾಡು, ಅದೂ ಕೈಬಿಟ್ಟರೆ ಹೇಗೆ?

ನನ್ನ ಒತ್ತಾಯಕ್ಕೆ ಹೋಗಿ ಮೈಕಿನ ಮುಂದೆ ನಿಂತರು. ಮೊದಲ ಸಾಲಿಗೇ ತಾಳ ತಪ್ಪಿತು. ಬೈರೇಶಣ್ಣನ ಕೈ ನಿಂತಿತು. ಹಿಂದೆ ಯಾರೋ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಎದ್ದು ಹೋಗಿ ಅವರೆದುರು ನಿಂತೆ. ಅಂಗೈ ತಟ್ಟಿ ಮಗ್ಗದ ತಾಳ ಹಿಡಿದು, ದನಿಯಿಲ್ಲದೆ ತುಟಿಯಲ್ಲೇ ಹಾಡು ಹೇಳಿದೆ. ಅವರ ಕಣ್ಣು ನನ್ನ ತುಟಿಗೆ ಬಿತ್ತು. ಮತ್ತೆ ಶುರು ಮಾಡಿದರು. ಬೈರೇಶಣ್ಣ ನನ್ನ ಕೈ ನೋಡಿಕೊಂಡು ಡ್ರಮ್ ಬಾರಿಸಿದರು. ಎರಡನೇ ಸಲ 'ಜರುಗಿ ಕೂತ್ಕೋ' ಬರುವಷ್ಟರಲ್ಲಿ ಬೋಳುತಲೆಯ ಗೆಳೆಯರೂ ಅವರ ಹೆಂಡತಿಯರೂ ದನಿ ಸೇರಿಸಿದ್ದರು. ಒಬ್ಬೊಬ್ಬರಿಗೂ ಅವರವರ ಬಸ್ಸು, ಅವರವರ ಕಿಟಕಿ ನೆನಪಾಗಿತ್ತು. ಈ ಹಾಡಿನಲ್ಲಿ ಅಂಥದ್ದೇನಿದೆ ಎಂದು ಆವತ್ತು ನನಗೆ ಅರ್ಥವಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮೊದಲು ಹತ್ತಿ ಕಿಟಕಿ ಹಿಡಿದೆ. ಪಕ್ಕದಲ್ಲಿ ಬೇಕೆಂದೇ ಚೀಲ ಇಟ್ಟೆ. ಇವರು ಕಂಬಿ ಹಿಡಿದು ನಿಂತರು.

"ಆ ಹುಡುಗಿ ಯಾರು? ಹೇಳಿದ್ರೇ ಜಾಗ" ಎಂದು ತುಟಿಯಲ್ಲೇ ಕೇಳಿದೆ.

ಅವರು ನಕ್ಕರು. "ಹಾಡು ಕಟ್ದಾಗ ಯಾರೂ ಇರ್ಲಿಲ್ಲ ಕಣೇ. ಸೀಟು ಖಾಲಿ ಇತ್ತು. ಶೆಡ್ಡಲ್ಲಿ ಹಾಡಿದ್ದೆಲ್ಲ ನಿನ್ನ ನೋಡ್ಕೊಂಡೇ."

ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೊಂಚ ಜರುಗಿ ಕೂತೆ.