ಎಲ್ವಿರಾ ಅಂಟಿಸಿದ ಚೀಟಿಗಳು

ನನ್ನ ತಲೆಯ ಬಗ್ಗೆ ನನಗೊಂದು ಚಿಂತೆಯಿದೆ. ಯಾರಿಗಾದರೂ ಹೇಳಿದರೆ ನಗುತ್ತಾರೆ. ಎದುರಿನವರು ಏನು ಹೇಳಿದರೂ ಅದು ತಾನಾಗಿ ಆಡಿಬಿಡುತ್ತದೆ. ದಾವಣಗೆರೆಯಲ್ಲಿ ಇದರಿಂದ ತೊಂದರೆಯಿರಲಿಲ್ಲ. ಅಲ್ಲಿ ಎಲ್ಲರೂ ಹಾಗೇ ಆಡಿಸುತ್ತಾರೆ; ‘ಹೂಂ, ಕೇಳಿಸಿತು’ ಎನ್ನುವುದಕ್ಕಿಂತ ಹೆಚ್ಚಿನ ಅರ್ಥವನ್ನು ಯಾರೂ ಹಚ್ಚುವುದಿಲ್ಲ. ಮೆಲ್ಬರ್ನ್‌ನಲ್ಲಿ ಅದು ಒಪ್ಪಿಗೆಯಾಗಿಬಿಡುತ್ತದೆ. ಮಾತು ತೆಗೆದು ‘ಇಲ್ಲ, ನಾನು ಒಪ್ಪಿದ್ದಲ್ಲ’ ಎನ್ನಲು ನನಗೆ ಬರುವುದಿಲ್ಲ. ಸಂಜೆ ರೈಲಿನಲ್ಲಿ ಕೂತು ಡೈರಿಯಲ್ಲಿ ಬರೆದುಕೊಳ್ಳುತ್ತೇನೆ, ಅಷ್ಟೆ.

ಅನ್ಸೆಲ್ಮೊ ಅವರ ಮನೆಯ ಕೆಲಸ ಶುರುವಾದದ್ದೂ ಹಾಗೇ.

ಓದು ಮುಗಿದಿತ್ತು, ಓದಿಗೆ ತಕ್ಕ ಕೆಲಸ ಸಿಕ್ಕಿರಲಿಲ್ಲ. ಪಾಯಿಂಟ್ ಕುಕ್‌ನಲ್ಲಿ ಒಬ್ಬ ವಯಸ್ಸಾದ ಚಿತ್ರಕಾರರಿಗೆ ಸಹಾಯಕಿ ಬೇಕು ಎಂದು ಕಾಲೇಜಿನ ಯಾರೋ ಹೇಳಿದರು. ಹೋದೆ. ಮನೆ ಅವರ ಮಗಳು ಪಿಲಾರ್‌ಳದು; ಗ್ಯಾರೇಜೇ ಸ್ಟುಡಿಯೊ. ಎಲ್ ಸಾಲ್ವಡಾರ್‌ನಲ್ಲಿ ಯುದ್ಧ ನಡೆಯುತ್ತಿದ್ದಾಗ ಅನ್ಸೆಲ್ಮೊ ಹೆಂಡತಿ ಎಲ್ವಿರಾಳ ಜೊತೆ ಇಲ್ಲಿಗೆ ಓಡಿ ಬಂದವರು. ಅವರಿಗೆ ಹುಟ್ಟಿನಿಂದ ಬಣ್ಣಗುರುಡು. ನೀಲಿ, ಹಳದಿ ಸರಿಯಾಗಿ ಕಾಣುತ್ತವೆ. ಕೆಂಪು, ಹಸಿರು, ಕಂದು ಎಲ್ಲ ಒಂದೇ. ಗುಲಾಬಿಗೂ ಬೂದಿಗೂ ವ್ಯತ್ಯಾಸವಿಲ್ಲ. ಎಷ್ಟೋ ವರ್ಷಗಳಿಂದ ಎಲ್ವಿರಾ ಬಣ್ಣಗಳನ್ನು ಗಾಜಿನ ಬಾಟಲಿಗಳಿಗೆ ತುಂಬಿ, ಮೇಲೆ ಚೀಟಿ ಅಂಟಿಸಿ, ಸಾಲಾಗಿ ಇಟ್ಟುಕೊಡುತ್ತಿದ್ದಳು. ಚೀಟಿ ಓದಿ ಅವರು ಕುಂಚ ಅದ್ದುತ್ತಿದ್ದರು. ಹೋದ ಚಳಿಗಾಲದಲ್ಲಿ ಎಲ್ವಿರಾ ತೀರಿಕೊಂಡಿದ್ದಳು.

ಮೊದಲ ದಿನ ಪಿಲಾರ್ ನನ್ನ ಕೈಗೆ ಒಂದು ಟ್ಯೂಬು, ‘ರೋಹೊ’ ಎಂದು ಬರೆದ ಬಾಟಲಿ ಕೊಟ್ಟಳು.

“ರೋಹೊ ಅಂದ್ರೆ?” ಎಂದೆ.

“ಕೆಂಪು.”

“ಈ ಟ್ಯೂಬಲ್ಲಿರೋದು ಕಂದು.”

“ಗೊತ್ತು,” ಎಂದಳು. ಗ್ಯಾರೇಜಿನ ಬಾಗಿಲನ್ನು ಕಾಲಿನಿಂದ ದೂಡಿ ಮುಚ್ಚಿದಳು. “ವೆರ್ದೆ ಅಂದ್ರೆ ಹಸಿರು, ಅದಕ್ಕೆ ಈ ಕೆಸರಿನ ಬಣ್ಣ. ರೊಸಾ ಅಂದ್ರೆ ಗುಲಾಬಿ, ಅದಕ್ಕೆ ಬೂದಿ. ನೀಲಿ, ಹಳದಿ ಮಾತ್ರ ನಿಜವಾದ್ದೇ ಹಾಕು, ಅದರಲ್ಲಿ ಅಪ್ಪ ಹಿಡಿದುಬಿಡ್ತಾರೆ.”

ಕಾರಣವನ್ನೂ ಅವಳೇ ಹೇಳಿದಳು. ಬಂದ ಹೊಸತರಲ್ಲಿ ಅಪ್ಪ ತಾವೇ ಬಣ್ಣ ಆರಿಸಿ ಒಂದು ಪ್ರದರ್ಶನ ಮಾಡಿದ್ದರಂತೆ. ಹೆಂಗಸರ ಮುಖ ಹಸಿರಾಗಿತ್ತು, ಬಾಳೆ ಎಲೆ ಕೆಂಪಾಗಿತ್ತು. ಜನ ಮರೆಯಲ್ಲಿ ನಕ್ಕರು. ಅದು ಅವರ ಕಿವಿಗೆ ಬಿತ್ತು. ಎಷ್ಟೋ ವರ್ಷ ಕುಂಚ ಮುಟ್ಟಲಿಲ್ಲ. ಆಮೇಲೆ ಎಲ್ವಿರಾ ಈ ಬಾಟಲಿಗಳನ್ನು ಮಾಡಿದಳು. ನಿಜವಾದ ಬಣ್ಣ ತುಂಬಿದರೆ, ಹಚ್ಚಿದ ಮೇಲೆ ಯಾವುದು ಎಲ್ಲಿದೆ ಎಂದು ಕಾಣದೆ ಒಂದರ ಮೇಲೊಂದು ಬಿದ್ದು ಮತ್ತೆ ತಪ್ಪಾಗುತ್ತದೆ; ಎಲ್ಲವೂ ಕಂದು ಬೂದಿಯ ಬಳಗವಾದರೆ ಎಲ್ಲಿ ಏನು ಹಚ್ಚಿದರೂ ತಪ್ಪು ಕಾಣುವುದಿಲ್ಲ.

“ಆಮೇಲೆ ನೋಡು, ಜನ ಅದನ್ನೇ ಮೆಚ್ಚಿಕೊಂಡ್ರು. ಊರು ಕಳಕೊಂಡವನ ದುಃಖದ ಬಣ್ಣ ಅಂತ ಪೇಪರಲ್ಲಿ ಬರೆದ್ರು. ಅಮ್ಮ ಅದನ್ನ ಅಪ್ಪನಿಗೆ ಸ್ಪ್ಯಾನಿಷ್‌ಗೆ ತಿರುಗಿಸಿ ಓದೋವಾಗ ‘ಬಣ್ಣ’ ಅನ್ನೋ ಪದ ಹಾರಿಸಿಬಿಡ್ತಿದ್ಲು.” ಪಿಲಾರ್ ನಗಲು ನೋಡಿದಳು, ಆಗಲಿಲ್ಲ. “ಅಪ್ಪ ಇನ್ನೆಷ್ಟು ದಿನ ಇರ್ತಾರೋ. ನಿನಗೆ ಓಕೆ ತಾನೇ?”

ನನ್ನ ತಲೆ ಆಡಿತು.

ನಾನಿದ್ದದ್ದು ಕ್ರೇಗಿಬರ್ನ್‌ನಲ್ಲಿ, ದೊಡ್ಡಪ್ಪನ ಮಗಳು ಮಧುರಕ್ಕನ ಮನೆಯಲ್ಲಿ. ಅವಳಿಗೆ ನನ್ನ ಕೆಲಸವೇ ಒಂದು ತಮಾಷೆ.

“ಬಣ್ಣ ಹೇಳೋಕೆ ಸಂಬಳಾನಾ? ಚಿಕ್ಕಪೇಟೆ ಸೀರೆ ಅಂಗಡೀಲಿ ಹುಡುಗರು ಫ್ರೀಯಾಗಿ ಹೇಳ್ತಾರಲ್ಲೇ! ರಾಮಾ ಗ್ರೀನು, ಈರುಳ್ಳಿ ಸಿಪ್ಪೆ, ಗಿಣಿ ಹಸಿರು...”

“ಅಕ್ಕಾ, ಒಂದು ಕೇಳ್ಲಾ? ಒಬ್ಬರಿಗೆ ಮನೆಯವರೆಲ್ಲ ಸೇರಿ ಸುಳ್ಳು ಹೇಳ್ತಿದಾರೆ ಅಂತ ನಮಗೆ ಗೊತ್ತಾದ್ರೆ?”

ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. “ಸುಳ್ಳಿಂದ ಅವರು ಚೆನ್ನಾಗಿದಾರಾ?”

“ಇದಾರೆ ಅನ್ಸುತ್ತೆ.”

“ಮತ್ತೆ? ನಮ್ಮತ್ತೆ ಮಾಡೋ ಸಾರು ಹೇಗಿರುತ್ತೆ ಅಂತ ನಾನು ಇವತ್ತಿನವರೆಗೂ ಹೇಳಿದೀನಾ? ನೀನು ಮೊದ್ಲು ಈ ದೇಶದಲ್ಲಿ ಉಳಿಯೋಕೆ ನಿನ್ನ ಪಿಆರ್ ನೋಡ್ಕೊ. ಅವರ ಮನೆ ವಿಷ್ಯ ಅವರಿಗೆ.”

ಅನ್ಸೆಲ್ಮೊ ಬಿಡಿಸುತ್ತಿದ್ದದ್ದು ಒಂದನ್ನೇ: ಅವರ ಊರಿನ ಬೀದಿ. ಶುಭ ಶುಕ್ರವಾರ ಅಲ್ಲಿಯ ಜನ ಮರದ ಪುಡಿಗೆ ಬಣ್ಣ ಕಟ್ಟಿ, ಬೀದಿಯುದ್ದಕ್ಕೂ ಹೂವು, ಹಕ್ಕಿ, ಶಿಲುಬೆಗಳ ಹಾಸು ಬರೆಯುತ್ತಾರೆ. ಸಂಜೆ ಏಸುವಿನ ಶವದ ಮೆರವಣಿಗೆ ಅದರ ಮೇಲೇ ಹಾದುಹೋಗುತ್ತದೆ. ಅವರ ತಾಯಿ ಪುಡಿಗೆ ಬಣ್ಣ ಹಾಕುವುದರಲ್ಲಿ ಎತ್ತಿದ ಕೈ. ಮಗನಿಗೆ ಮಾತ್ರ ಪುಡಿ ಮುಟ್ಟಲು ಬಿಡುತ್ತಿರಲಿಲ್ಲ. ಚಿಕ್ಕವರಿದ್ದಾಗ ಒಮ್ಮೆ ಅನ್ಸೆಲ್ಮೊ ಗುಲಾಬಿ ಹೂವಿನೊಳಗೆ ಹಸಿರು ತುಂಬಿಬಿಟ್ಟಿದ್ದರಂತೆ.

“ನಿಮ್ಮಲ್ಲೂ ನೆಲದ ಮೇಲೆ ಬರೀತಾರಂತಲ್ಲ, ಮಿಹಾ?” ಎಂದರು ಒಂದು ದಿನ. ‘ಮಿಹಾ’ ಎಂದರೆ ಮಗಳೇ. ನಾನು ಅವರನ್ನು ‘ದೋನ್ ಅನ್ಸೆಲ್ಮೊ’ ಎನ್ನುತ್ತಿದ್ದೆ. ಅವರ ಕಡೆ ಹಿರಿಯರನ್ನು ಹಾಗೆ ಕರೆಯುವುದು.

“ಹೌದು, ರಂಗೋಲಿ. ದಿನಾ ಬಾಗಿಲ ಮುಂದೆ ಹಾಕ್ತೀವಿ. ಮನೇಲಿ ಯಾರಾದ್ರೂ ಸತ್ತ ದಿನ ಮಾತ್ರ ಹಾಕಲ್ಲ.”

“ನಾವು ಸತ್ತವನಿಗೇ ಹಾಕೋದು.” ಅವರು ಕುಂಚ ಹಿಡಿದೇ ಯೋಚಿಸಿದರು. “ನಿಮ್ಮ ಕೆಂಪು ಹೇಗಿರುತ್ತೆ? ನನ್ನ ತಾಯಿ ತನ್ನ ಕೆಂಪಿನ ಗುಟ್ಟು ಯಾರಿಗೂ ಹೇಳ್ಲಿಲ್ಲ.”

ನನ್ನ ಕೈಯಲ್ಲಿ ರೋಹೊ ಬಾಟಲಿಯಿತ್ತು. ಹೇಳಿದೆ. ಅಮ್ಮನ ಹಣೆಯ ಕುಂಕುಮ ಬೆವರಿಗೆ ಅಂಚಿನಲ್ಲಿ ಕದಡುವುದನ್ನು, ಅರಿಶಿನಕ್ಕೆ ಸುಣ್ಣ ಸೇರಿಸಿ ನೀರಿಗೆ ಹಾಕಿದರೆ ಆರತಿ ತಟ್ಟೆ ಇದ್ದಕ್ಕಿದ್ದಂತೆ ಕೆಂಪಾಗುವುದನ್ನು. ನಾನು ಅಷ್ಟು ಮಾತಾಡಿದ್ದು ಈ ದೇಶದಲ್ಲಿ ಅದೇ ಮೊದಲು. ಅವರು ಕಣ್ಣು ಮುಚ್ಚಿ ಕೇಳಿದರು. ಕೇಳಿ ಮುಗಿದ ಮೇಲೆ ನನ್ನ ಕೈಯ ಬಾಟಲಿಯಲ್ಲಿ ಕುಂಚ ಅದ್ದಿ, ಗುಲಾಬಿಯ ಎಸಳೊಂದನ್ನು ನಿಧಾನವಾಗಿ ತುಂಬಿದರು. ಒದ್ದೆ ಮಣ್ಣಿನ ಎಸಳು.

“ಹೀಗಾ?” ಎಂದರು.

ನಾನು ಕುಂಚ ತೊಳೆಯಲು ಹೋದೆ.

ಆ ಚಿತ್ರ ಗ್ಯಾರೇಜಿನ ಗೋಡೆಯಷ್ಟು ದೊಡ್ಡದು. ಮೆರವಣಿಗೆ ಬರುವ ಮುಂಚಿನ ಬೆಳಗು, ಇನ್ನೂ ಯಾರ ಕಾಲೂ ಬೀಳದ ಹಾಸು. ಸಿಡ್ನಿಯ ಪ್ರದರ್ಶನಕ್ಕೆಂದು ಬಿಡಿಸುತ್ತಿದ್ದರು. ಅಲ್ಲಿ ಓಫೀಲಿಯಾ ಎಂಬ ಮುದುಕಿಯಿದ್ದರು. ಒಂದು ಕಾಲದಲ್ಲಿ ಊರಿನಲ್ಲಿ ಪಕ್ಕದ ಮನೆಯವರು, ಅನ್ಸೆಲ್ಮೊ ಅವರ ತಾಯಿಯ ಜೊತೆ ಕೂತು ಪುಡಿಗೆ ಬಣ್ಣ ಕಟ್ಟಿದವರು. ಆ ಬೀದಿಯನ್ನು ಕಂಡವರಲ್ಲಿ ಉಳಿದವರು ಅವರೊಬ್ಬರೇ.

“ಓಫೀಲಿಯಾ ನೋಡಿ ‘ಹೌದು, ಇದೇ ಬೀದಿ, ಇದೇ ಬೆಳಗು’ ಅಂದ್ರೆ ಸಾಕು,” ಎನ್ನುತ್ತಿದ್ದರು. “ಆಮೇಲೆ ಕುಂಚ ಮುಟ್ಟದಿದ್ರೂ ಸರಿ. ಗುಲಾಬಿಯೊಳಗೆ ಹಸಿರು ತುಂಬಿದವನು ಅಂತ ನನ್ನ ತಾಯಿ ಸಾಯೋತನಕ ನಗಾಡಿದ್ಲು. ಓಫೀಲಿಯಾನೂ.”

ಎಷ್ಟೋ ಬೆಳಿಗ್ಗೆ ಬಾಟಲಿ ತುಂಬುವಾಗ ನಿಜವಾದ ಕೆಂಪಿನ ಟ್ಯೂಬಿನ ಮುಚ್ಚಳ ತೆಗೆದಿದ್ದೇನೆ. ಆದರೆ ಅರ್ಧ ಚಿತ್ರ ಆಗಲೇ ಕಂದಾಗಿತ್ತು. ಕೆಂಪು ಹಚ್ಚಿದರೆ ಅದು ಗಾಯದಂತೆ ಕಾಣುತ್ತಿತ್ತು. ಮುಚ್ಚಿಡುತ್ತಿದ್ದೆ. ಡೈರಿಯಲ್ಲಿ ‘ನಾಳೆ ಹೇಳುತ್ತೇನೆ’ ಎಂದು ಬರೆಯುವುದನ್ನೂ ನಿಲ್ಲಿಸಿದೆ.

ಸಿಡ್ನಿಯಲ್ಲಿ ಬೂದು ಮೋಡ ಕವಿದಿತ್ತು. ಹಿಂದಿನ ರಾತ್ರಿ ಕೆಲ್ಲಿವಿಲ್‌ನಲ್ಲಿ ಮಧುರಕ್ಕನ ನಾದಿನಿಯ ಮನೆಯಲ್ಲಿ ಉಳಿದು, ಬೆಳಿಗ್ಗೆ ಮೆಟ್ರೊ ಹಿಡಿದು ಗ್ಯಾಲರಿಗೆ ಹೋದೆ. ಅನ್ಸೆಲ್ಮೊ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೊಸ ಶಾಲೆಗೆ ಬಂದ ಹುಡುಗನ ಹಾಗೆ ಚಿತ್ರದ ಪಕ್ಕ ನಿಂತಿದ್ದರು. ಬಂದವರು ಎದೆಗೆ ಕೈಯಿಟ್ಟುಕೊಂಡು “ಎಂಥ ನೋವು” ಎನ್ನುತ್ತಿದ್ದರು. ಅವರು ತಲೆಬಾಗಿ ಥ್ಯಾಂಕ್ಸ್ ಹೇಳುತ್ತಿದ್ದರು. ಬೆಳಗಿನ ಹಾಸಿನಲ್ಲಿ ಇವರಿಗೇಕೆ ನೋವು ಎಂದು ಅವರಿಗೆ ಅನ್ನಿಸುತ್ತಿತ್ತೇನೋ. ಸಂಜೆ ಅದು ತುಳಿತಕ್ಕೆ ಸಿಗುತ್ತದಲ್ಲ, ಅದಕ್ಕೇ ಎಂದು ಸಮಾಧಾನ ಮಾಡಿಕೊಂಡಿರಬೇಕು.

ಓಫೀಲಿಯಾ ಕೋಲೂರಿಕೊಂಡು ಬಂದರು. ಬಂದವರೇ ಅನ್ಸೆಲ್ಮೊ ಅವರ ಗಲ್ಲ ಹಿಂಡಿ, “ಗುಲಾಬಿಗೆ ಹಸಿರು ಹಚ್ಚಿದ ಕಳ್ಳ!” ಎಂದರು. ಸುತ್ತಲಿನವರು ನಕ್ಕರು. ಆಮೇಲೆ ಚಿತ್ರದತ್ತ ತಿರುಗಿದರು. ಕಣ್ಣಲ್ಲಿ ನೀರು ಬಂತು.

“ಹೌದು ಕಣೋ, ಇದೇ ಬೀದಿ.”

ಅನ್ಸೆಲ್ಮೊ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

“ಮೆರವಣಿಗೆ ಹೋದ ಮೇಲೆ ಹೀಗೇ ಇರ್ತಿತ್ತು,” ಎಂದರು ಮುದುಕಿ. “ಎಲ್ಲ ಕಲಸಿ ಮಣ್ಣಾಗಿ. ಅಲ್ಲೊಂದು ಚೂರು ಹಳದಿ, ಇಲ್ಲೊಂದು ಚೂರು ನೀಲಿ. ನಿನ್ನ ತಾಯಿ ಪೊರಕೆ ಹಿಡ್ಕೊಂಡು ಅಳ್ತಾ ಗುಡಿಸ್ತಿದ್ಲು. ಅದನ್ನ ಹೇಗೆ ನೆನಪಿಟ್ಕೊಂಡ್ಯೋ?”

“ಹೋದ ಮೇಲಲ್ಲ,” ಎಂದರು ಅನ್ಸೆಲ್ಮೊ. “ಇದು ಬೆಳಿಗ್ಗೆ, ಓಫೀಲಿಯಾ. ಇನ್ನೂ ಯಾರೂ ತುಳಿದಿಲ್ಲ.”

“ಬೆಳಿಗ್ಗೆನಾ? ಬಣ್ಣ ಎಲ್ಲೋ?”

“ಅಪ್ಪಾ, ಅವರಿಗೆ ವಯಸ್ಸಾಯ್ತು,” ಪಿಲಾರ್ ನಡುವೆ ಬಂದಳು. “ಕಣ್ಣು ಮಂಜು...”

“ಹೋದ ವರ್ಷವೇ ಆಪರೇಶನ್ ಆಗಿದೆ, ಹುಡುಗಿ. ನಿನ್ನ ಕಿವಿಯೋಲೆಯ ಕಲ್ಲೂ ಕಾಣುತ್ತೆ ನನಗೆ.”

ಅನ್ಸೆಲ್ಮೊ ಚಿತ್ರದ ಹತ್ತಿರ ಹೋದರು, ಮೂಗು ತಾಕುವಷ್ಟು ಹತ್ತಿರ. ಹಿಂದೆ ಸರಿದರು. ಮಗಳ ಮುಖ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಆಮೇಲೆ ಅವರು ನನ್ನನ್ನು ಹುಡುಕಿದರು. ನಾನು ಗೋಡೆಗೆ ಒರಗಿ, ಕೋಟುಗಳ ರಾಶಿ ಹಿಡಿದು ನಿಂತಿದ್ದೆ.

“ಮಿಹಾ, ಬಾ ಇಲ್ಲಿ.”

ಹೋದೆ. ಕೋಟುಗಳು ಕೈಯಲ್ಲೇ ಇದ್ದವು. ಅವರು ಹಾಸಿನ ನಡುವಿನ ದೊಡ್ಡ ಗುಲಾಬಿಯತ್ತ ಬೆರಳು ತೋರಿಸಿದರು.

“ಇದು ಯಾವ ಬಣ್ಣ?”

ಪಿಲಾರ್ ನನ್ನ ಹೆಸರು ಹಿಡಿದು ಮೆಲ್ಲಗೆ ಕರೆದಳು, “ಇಂಚರಾ...” ಬೇಡ ಎನ್ನುವ ಹಾಗೆ. ಅವಳ ತುಟಿ ಬಿಳಿಚಿಕೊಂಡಿತ್ತು. ಮುದುಕರು ನನ್ನ ಬಾಯಿಯನ್ನೇ ನೋಡುತ್ತಿದ್ದರು; ಬಣ್ಣ ಅಲ್ಲಿಂದಲೇ ಬರಬೇಕಿತ್ತು ಅವರಿಗೆ.

“ಕಂದು,” ಎಂದೆ. ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಹೊರಬಂತು. “ಕೆಂಪಲ್ಲ, ದೋನ್ ಅನ್ಸೆಲ್ಮೊ. ಕಂದು.”