ತುಕ್ಕು ಎಲ್ಲಿಂದ ಬಂತು

ಪಾತ್ರೆ ತೊಳೆಯುವ ಯಂತ್ರದಿಂದ ತೆಗೆದ ಬಿಳಿ ಕಾಫಿ ಲೋಟಗಳ ಮೇಲೆ ಮತ್ತೆ ತುಕ್ಕಿನ ಚುಕ್ಕೆಗಳಿದ್ದವು.

"ಅದರ ಕಾಲ ಮುಗೀತು ಕಣೇ ಆರ್ಡಿಸ್. ಹೊಸದು ತಗೊಳ್ಳೋಣ," ಎಂದ ನನ್ನ ಗಂಡ ವರ್ಲಿನ್.

"ನಿನ್ನ ಮಂಡಿ ಸವೆದು ಎಷ್ಟು ವರ್ಷ ಆಯ್ತು? ನಾನೇನು ನಿನ್ನನ್ನ ಬದಲಾಯಿಸಿದ್ನಾ?"

ತಟ್ಟೆ ಜೋಡಿಸುವ ಜಾಲರಿಯನ್ನು ಗ್ಯಾರೇಜಿಗೆ ಹೊತ್ತುಕೊಂಡು ಹೋದೆ. ಪ್ಲಾಸ್ಟಿಕ್ ಲೇಪ ಕಿತ್ತುಹೋಗಿದ್ದ ಕಡ್ಡಿಗಳ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಜಾಲರಿಗೆಂದೇ ಸಿಗುವ ಬಣ್ಣ ಬಳಿದು, ತುದಿಗಳಿಗೆ ರಬ್ಬರ್ ಟೊಪ್ಪಿ ತೊಡಿಸಿದೆ. ಬಣ್ಣ ಒಣಗಿದ ಮೇಲೆ ಎಂದಿನಂತೆ ವರ್ಲಿನ್ನೇ ಪಾತ್ರೆ ಜೋಡಿಸಿದ. ನಾನು ಜೋಡಿಸಿದ್ದು ಅವನ ಕಣ್ಣಿಗೆ ಎಂದೂ ಸರಿಕಂಡಿಲ್ಲ.

ಲೋಟಗಳ ಮೇಲೆ ಅವೇ ಚುಕ್ಕೆಗಳು!

"ನಾನು ಹೇಳ್ಲಿಲ್ವಾ?" ಎಂದ.

ನಾನು ಬಿಡುವವಳಲ್ಲ. ಒಂದೇ ಒಂದು ಲೋಟವಿಟ್ಟು ಯಂತ್ರ ಓಡಿಸಿದೆ. ಲೋಟ ಹಾಲಿನಂತೆ ಬೆಳ್ಳಗೆ ಬಂತು. ಹಾಗಾದರೆ ತುಕ್ಕು ಯಂತ್ರದ್ದಲ್ಲ, ಯಾವುದೋ ಸಾಮಾನಿನ ಜೊತೆ ಒಳಗೆ ಹೋಗುತ್ತಿದೆ.

ಮರುದಿನ ವರ್ಲಿನ್ ಪಾತ್ರೆ ಜೋಡಿಸಿ, ಗುಂಡಿ ಒತ್ತಿ ಅತ್ತ ಹೋದ ತಕ್ಷಣ ಯಂತ್ರದ ಬಾಗಿಲು ತೆರೆದೆ. ಚಮಚದ ಬುಟ್ಟಿಯ ತಳದಲ್ಲಿ, ಫೋರ್ಕುಗಳ ಮರೆಯಲ್ಲಿ, ಅವನ ಮೀನಿನ ಗಾಳಗಳಿದ್ದವು. ಒಂದೊಂದಕ್ಕೂ ತುಕ್ಕು ಹಿಡಿದಿತ್ತು.

"ವರ್ಲಿನ್!"

ಬಂದವನು ಬುಟ್ಟಿಯನ್ನೇ ನೋಡುತ್ತ ನಿಂತ. "ಕೆರೆ ಹೆಪ್ಪುಗಟ್ಟೋ ಹೊತ್ತಾಯ್ತಲ್ಲ, ಮಂಜುಗಡ್ಡೆ ಕೊರೆದು ಮೀನು ಹಿಡಿಯೋಕೆ ಗಾಳ ಬೇಕಲ್ಲ... ಬಿಸಿನೀರಲ್ಲಿ ಚೆನ್ನಾಗಿ ತೊಳೆಯುತ್ತೆ ಅಂತ..."

ಮಿಕ್ಕಿದ್ದ ಉಪ್ಪುಕಾಗದವನ್ನು ಅವನ ಕೈಗಿಟ್ಟೆ.

"ಗ್ಯಾರೇಜಲ್ಲಿ ಕೂತು ಉಜ್ಜು. ಇನ್ಮೇಲೆ ಪಾತ್ರೆ ನಾನು ಜೋಡಿಸ್ತೀನಿ."